ಬೋರ್‌ವೆಲ್ ರಿಪೋರ್ಟ್‌ನ 14 ಮತ್ತು ನ್ಯೂಜಿಲೆಂಡಿನ ನೀರು ಕಾಯುವ ಕೌನ್ಸಿಲ್‌ಗಳು

ಹೋದ ವರ್ಷ ತಂಗಿ ಬಾಣಂತನಕ್ಕೆ ಬರುವ ಮುಂಚೆ ತೋಟದ ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟಿದ್ದೆ. ಮನೆಗೂ ಅದೇ ನೀರು. ರಿಪೋರ್ಟ್ ವಾಟ್ಸಾಪ್‌ನಲ್ಲಿ ಬಂತು. ನೈಟ್ರೇಟ್ ಸಾಲಿನಲ್ಲಿ 14 ಅಂತಿತ್ತು. ಕುಡಿಯುವ ನೀರಿಗೆ ನಮ್ಮಲ್ಲಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹದಿನಾಲ್ಕು ಎಲ್ಲಿ, ನಲವತ್ತೈದು ಎಲ್ಲಿ! ಯೂರಿಯಾ ಬಿಟ್ಟು ಎಂಟು ವರ್ಷ ಆಗಿದೆ, ಅದರ ಫಲ ಅಂತ ಒಳಗೊಳಗೇ ಬೀಗಿದೆ. ಸ್ಟೇಟಸ್‌ಗೆ ಹಾಕಿದ್ದೂ ಉಂಟು.

ಎರಡು ವಾರ ಆದ ಮೇಲೆ ರಾತ್ರಿ ಸುಮ್ಮನೆ ಫೋನ್ ನೋಡ್ತಾ ಕೂತಿದ್ದಾಗ ನ್ಯೂಜಿಲೆಂಡಿನ ಹೈನುಗಾರರ ಬಾವಿ ನೀರಿನ ಸುದ್ದಿ ಸಿಕ್ಕಿತು. ಅಲ್ಲಿ ಮಿತಿ 11.3 ಅಂತ ಬರೆದಿದ್ದರು. ನಮ್ಮದು 45, ಅವರದು 11.3? ನಾಲ್ಕು ಪಟ್ಟು ಬಿಗಿ ಯಾಕೆ ಅಂತ ಕೆದಕಿದಾಗ ನನ್ನ ಪೆದ್ದುತನ ಬೆಳಕಿಗೆ ಬಂತು. ನೈಟ್ರೇಟನ್ನು ಎರಡು ರೀತಿ ಬರೀತಾರೆ. ಒಂದು, ಇಡೀ ನೈಟ್ರೇಟಿನ ತೂಕ. ಇನ್ನೊಂದು, ಅದರೊಳಗಿನ ಸಾರಜನಕದ ತೂಕ ಮಾತ್ರ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತೆ. ಅವರ 11.3 ಅಂದರೆ ನೈಟ್ರೇಟ್ ಲೆಕ್ಕದಲ್ಲಿ 50. ಓಡಿಹೋಗಿ ನನ್ನ ರಿಪೋರ್ಟ್ ತೆಗೆದು ನೋಡಿದೆ. 14ರ ಪಕ್ಕ ಸಣ್ಣ ಅಕ್ಷರದಲ್ಲಿ 'ಸಾರಜನಕವಾಗಿ' ಅಂತ ಇಂಗ್ಲಿಷಿನಲ್ಲಿ ಇತ್ತು. ಅಂದರೆ ನನ್ನ ನೀರು 62.

ಅಮ್ಮನಿಗೆ ಹೇಳಿದರೆ, "ಕುದಿಸಿ ಆರಿಸಿ ಕೊಟ್ರಾಯ್ತು ಬಿಡು ಮಗಾ" ಅಂದರು. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತೆ, ಹೋಗಲ್ಲ. ಆರು ತಿಂಗಳೊಳಗಿನ ಮಗುವಿಗೆ ಬಾಟಲಿ ಹಾಲಿನ ಪುಡಿಯನ್ನು ಇಂಥ ನೀರಲ್ಲಿ ಕಲಸಿ ಕೊಟ್ಟರೆ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯೇ ಕುಗ್ಗಬಹುದು. ಆವತ್ತಿಂದ ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರ್ತಿದ್ದೀವಿ.

ಇದು ನಮ್ಮ ಮನೆಯೊಂದರ ಕಥೆ ಅಂದುಕೊಳ್ಳಬೇಡಿ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ವರದಿ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷೆ ಮಾಡಿದ ಅಂತರ್ಜಲ ಮಾದರಿಗಳಲ್ಲಿ ಶೇ 48ರಷ್ಟು ಈ ಮಿತಿ ದಾಟಿವೆ. ನಮಗಿಂತ ಮೇಲೆ ಇರೋದು ರಾಜಸ್ಥಾನ, ಶೇ 49.

ಹೀಗೆ ನನ್ನ ನೀರಿನ ಚಿಂತೆಯಿಂದ ಶುರುವಾಗಿ, ನಮ್ಮ ಹಾಗೇ ದನ-ಹೊಲ ನಂಬಿದ ಆ ದೇಶದಲ್ಲಿ ನೆಲ, ನೀರು, ಕಾಡುಜೀವಿಗಳನ್ನು ಯಾರು ನೋಡಿಕೊಳ್ತಾರೆ ಅಂತ ಓದುತ್ತಾ ಹೋದೆ. ಅಲ್ಲಿ ಆ ಕೆಲಸ 'ರೀಜನಲ್ ಕೌನ್ಸಿಲ್'ಗಳದ್ದು. ಅವು ಮಾಡಿದ್ದೆಲ್ಲ ಸರಿಯೂ ಅಲ್ಲ, ತಪ್ಪೂ ಅಲ್ಲ. ಆದರೆ ನಮಗೆ ಬೇಕಾದ್ದು ಅದರಲ್ಲಿ ತುಂಬಾ ಇದೆ.

ನೀರು ಹರಿದ ಕಡೆ ಗಡಿ

ನಮ್ಮಲ್ಲಿ ತಾಲ್ಲೂಕು ಗಡಿ ಎಷ್ಟೋ ಕಡೆ ಹಳ್ಳದ ಮಧ್ಯದಲ್ಲೇ ಹೋಗಿರುತ್ತೆ. ಆ ದಡ ಒಂದು ತಾಲ್ಲೂಕು, ಈ ದಡ ಇನ್ನೊಂದು. ಹಳ್ಳಕ್ಕೆ ಯಾರೂ ದಿಕ್ಕಿಲ್ಲ. ನ್ಯೂಜಿಲೆಂಡಿನಲ್ಲಿ 1989ರಲ್ಲಿ ಸ್ಥಳೀಯ ಆಡಳಿತವನ್ನು ಹೊಸದಾಗಿ ಕಟ್ಟಿದಾಗ ಪ್ರಾದೇಶಿಕ ಕೌನ್ಸಿಲ್‌ಗಳ ಗಡಿಯನ್ನು ಬಹುಮಟ್ಟಿಗೆ ಜಲಾನಯನ ನೋಡಿ ಹಾಕಿದರು. ಮಳೆ ನೀರು ಯಾವ ನದಿಗೆ ಹೋಗುತ್ತೋ ಆ ನೆಲವೆಲ್ಲ ಒಂದೇ ಕೌನ್ಸಿಲ್‌ಗೆ ಸೇರಬೇಕು ಅನ್ನೋ ಲೆಕ್ಕ. ಗಡಿ ಗುಡ್ಡದ ನೆತ್ತಿಯ ಮೇಲೆ ಬರುತ್ತೆ, ಹಳ್ಳದಲ್ಲಿ ಅಲ್ಲ.

ಈ ಯೋಚನೆಗೆ ಬೇರು ಇನ್ನೂ ಹಳೆಯದು. ಕಾಡು ಕಡಿದು ಕುರಿ ಬಿಟ್ಟ ಗುಡ್ಡಗಳು ಮಳೆಗೆ ಜಾರಿ ಬೀಳೋಕೆ ಶುರುವಾದಾಗ, 1941ರಲ್ಲೇ ಮಣ್ಣು ಸಂರಕ್ಷಣೆ ಮತ್ತು ನದಿ ನಿಯಂತ್ರಣಕ್ಕೆ ಅಲ್ಲಿ ಒಂದು ಕಾಯ್ದೆ ಬಂತು, ಜಲಾನಯನ ಮಂಡಳಿಗಳಾದವು. ಕೌನ್ಸಿಲ್‌ಗಳು ಅವುಗಳ ವಾರಸುದಾರರು. ಈಗ 11 ಪ್ರಾದೇಶಿಕ ಕೌನ್ಸಿಲ್‌ಗಳಿವೆ. ಉಳಿದ ಕಡೆ ಒಂದೇ ಕೌನ್ಸಿಲ್ ಊರಿನ ಕೆಲಸ, ನೀರಿನ ಕೆಲಸ ಎರಡನ್ನೂ ಮಾಡುತ್ತೆ. ಮೂರು ವರ್ಷಕ್ಕೊಮ್ಮೆ ಚುನಾವಣೆ. ಆಸ್ತಿಯ ಮೇಲೆ ತೆರಿಗೆ ಹಾಕೋ ಅಧಿಕಾರ ಇದೆ, ಆ ದುಡ್ಡಿನಲ್ಲೇ ಕೆಲಸ. ಯಾರು ಎಷ್ಟು ನೀರು ಎತ್ತಬೇಕು, ಕೊಟ್ಟಿಗೆಯ ಗಂಜಲ-ಸಗಣಿ ನೀರನ್ನು ಎಲ್ಲಿ ಬಿಡಬೇಕು, ಇದಕ್ಕೆಲ್ಲ 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆಯ ಬಲ. ಯಾವ ಕಳೆ ಕೀಳಲೇಬೇಕು ಅನ್ನೋದಕ್ಕೆ 1993ರ ಜೈವಿಕ ಭದ್ರತಾ ಕಾಯ್ದೆಯ ಬಲ. ಮೀರಿದವರನ್ನು ಕೋರ್ಟಿಗೂ ಎಳೀತಾರೆ.

ನದಿಯ ರಿಪೋರ್ಟುಗಳನ್ನು ಕಡತದಲ್ಲಿ ಬಚ್ಚಿಡಲ್ಲ. ಎಲ್ಲಾ ಕೌನ್ಸಿಲ್‌ಗಳೂ ಸೇರಿ ನಡೆಸುವ 'ಲಾವಾ' ಅನ್ನೋ ವೆಬ್‌ಸೈಟ್‌ನಲ್ಲಿ ಯಾವ ಹೊಳೆ ಹೇಗಿದೆ, ಇವತ್ತು ಈಜಬಹುದಾ ಅಂತ ಫೋನಲ್ಲೇ ನೋಡಬಹುದು. ನನಗೆ ಹೊಟ್ಟೆಕಿಚ್ಚಾಗಿದ್ದು ಇದನ್ನು ನೋಡಿ.

ಟೌಪೋ ಕೆರೆಯ ಲೆಕ್ಕ

ಉತ್ತರ ದ್ವೀಪದ ನಡುವೆ ಟೌಪೋ ಅಂತ ಒಂದು ಸರೋವರ. 616 ಚದರ ಕಿಲೋಮೀಟರ್, ದೇಶಕ್ಕೇ ದೊಡ್ಡದು. ತಳ ಕಾಣುವಷ್ಟು ತಿಳಿ ನೀರು. ಆ ನೀರು ನಿಧಾನಕ್ಕೆ ಮಂಕಾಗ್ತಿದೆ, ಸಾರಜನಕ ಏರಿ ಪಾಚಿ ಹೆಚ್ಚುತ್ತಿದೆ ಅಂತ ವೈಕಾಟೊ ಪ್ರಾದೇಶಿಕ ಕೌನ್ಸಿಲ್‌ಗೆ ಗೊತ್ತಾಯ್ತು. ಮನುಷ್ಯರು ಕಡಿಮೆ ಮಾಡಬಹುದಾದ ಸಾರಜನಕದಲ್ಲಿ ಬಹುಪಾಲು ಬರ್ತಿದ್ದದ್ದು ಸುತ್ತಲಿನ ಹುಲ್ಲುಗಾವಲಿನಿಂದ.

ನಾವೆಲ್ಲ ತಕ್ಷಣ "ಓಹೋ, ಯೂರಿಯಾ" ಅಂತೀವಿ. ಮುಖ್ಯ ಕಳ್ಳ ಅದಲ್ಲ. ಹಸು ಒಂದು ಕಡೆ ನಿಂತು ಗಂಜಲ ಹೊಯ್ದರೆ ಆ ಸಣ್ಣ ಜಾಗಕ್ಕೆ ಬೀಳುವ ಸಾರಜನಕ ಹೆಕ್ಟೇರ್ ಲೆಕ್ಕ ಹಾಕಿದರೆ ನೂರಾರು ಕಿಲೋ ಆಗುತ್ತೆ. ಅಷ್ಟನ್ನು ಹುಲ್ಲು ತಿನ್ನೋಕೆ ಆಗಲ್ಲ. ಮಿಕ್ಕಿದ್ದು ನೈಟ್ರೇಟ್ ಆಗಿ ಮಳೆ ಜೊತೆ ಕೆಳಗಿಳಿಯುತ್ತೆ. ಜೇಡಿಮಣ್ಣಿನ ಕಣಕ್ಕೂ ನೈಟ್ರೇಟಿಗೂ ಎರಡಕ್ಕೂ ಋಣ ವಿದ್ಯುದಂಶ, ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳಲ್ಲ. ಇದನ್ನು ಕಾಲೇಜಿನಲ್ಲಿ ಪರೀಕ್ಷೆಗೆ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ನನ್ನ ತಿಪ್ಪೆಗೂ ಇದು ಅನ್ವಯ ಆಗುತ್ತೆ ಅಂತ ಹೊಳೆದಿರಲಿಲ್ಲ!

ಕೌನ್ಸಿಲ್ ಏನು ಮಾಡ್ತು ಅಂದರೆ, ಪ್ರತಿ ಫಾರ್ಮಿಗೂ ಒಂದು ಸಾರಜನಕ ಮಿತಿ ಕಟ್ಟಿತು. 2001ರಿಂದ 2005ರೊಳಗೆ ಯಾವುದೋ ಒಂದು ವರ್ಷದ ದನದ ಸಂಖ್ಯೆ, ಗೊಬ್ಬರದ ಲೆಕ್ಕ ಹಿಡಿದು ಸಾಫ್ಟ್‌ವೇರ್‌ನಲ್ಲಿ ಹಾಕಿ, ನಿನ್ನ ಜಮೀನಿಂದ ವರ್ಷಕ್ಕೆ ಇಷ್ಟು ಕಿಲೋ ಸೋರಬಹುದು, ಅದಕ್ಕಿಂತ ಜಾಸ್ತಿ ಬೇಡ ಅಂತ. ಹೆಚ್ಚು ಹಸು ಕಟ್ಟಬೇಕಾ? ಹಾಗಾದರೆ ಅದೇ ಜಲಾನಯನದಲ್ಲಿ ಯಾರಾದರೂ ಕಡಿಮೆ ಮಾಡಿಕೊಂಡಿರಬೇಕು, ಅವರ ಹತ್ತಿರ ಆ ಕಿಲೋಗಳನ್ನು ಕೊಂಡುಕೊಳ್ಳಬೇಕು. ಜೊತೆಗೆ ಕೇಂದ್ರ ಸರ್ಕಾರ, ಕೌನ್ಸಿಲ್, ಅಲ್ಲಿನ ಜಿಲ್ಲಾಡಳಿತ ಸೇರಿ ಸುಮಾರು 8 ಕೋಟಿ ನ್ಯೂಜಿಲೆಂಡ್ ಡಾಲರಿನ ನಿಧಿ ಮಾಡಿದರು. ಸಾರಜನಕದ ಹಕ್ಕು ಮಾರುವ ರೈತರಿಂದ ಆ ನಿಧಿ ಕೊಂಡು ಶಾಶ್ವತವಾಗಿ ಮುಚ್ಚಿ ಹಾಕ್ತು, ಎಷ್ಟೋ ಹುಲ್ಲುಗಾವಲು ಮರಕ್ಕೆ ತಿರುಗಿತು. ಕೋರ್ಟ್ ಮೆಟ್ಟಿಲೆಲ್ಲ ಹತ್ತಿ ಇಳಿದು ನಿಯಮ ಪೂರ್ತಿ ಜಾರಿಯಾಗಿದ್ದು 2011ರಲ್ಲಿ. ಶೇ 20ರಷ್ಟು, ಅಂದರೆ ವರ್ಷಕ್ಕೆ 170 ಟನ್ ಇಳಿಸೋ ಗುರಿ 2015ಕ್ಕೆ ಮುಟ್ಟಿತು.

ಕೇಳೋಕೆ ಚೆಂದ. ಆದರೆ ರೈತನ ಕಡೆಯಿಂದ ನೋಡಿ. ಒಂದು ದಿನ ಇದ್ದಕ್ಕಿದ್ದಂತೆ ನಿಮ್ಮ ಜಮೀನಿನಲ್ಲಿ ಇನ್ನು ಒಂದು ಹಸುವೂ ಹೆಚ್ಚು ಬೇಡ ಅಂದರೆ? ಬ್ಯಾಂಕು ಅದನ್ನು ನೋಡುವ ರೀತಿಯೇ ಬದಲಾಗುತ್ತೆ. ಅಲ್ಲಿನ ರೈತರು ಸಂಘ ಕಟ್ಟಿ ವರ್ಷಗಟ್ಟಲೆ ಗುದ್ದಾಡಿದರು. ಇನ್ನೂ ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸಿದ್ದು ಬೇರೆ. ಹಳೇ ಬಳಕೆ ನೋಡಿ ಮಿತಿ ಕಟ್ಟಿದರೆ, ಜಾಸ್ತಿ ಸೋರಿಸಿದವನಿಗೆ ಜಾಸ್ತಿ ಹಕ್ಕು ಸಿಗುತ್ತೆ. ಸರೋವರದ ತಳದ ಒಡೆತನ ಇರುವ ಟೂಫರೆಟೊವಾ ಮಾವೋರಿ ಸಮುದಾಯದ ಎಷ್ಟೋ ಜಮೀನು ಕಾಡಾಗಿಯೋ ಬೀಳಾಗಿಯೋ ಉಳಿದಿತ್ತು. ನೀರನ್ನು ಕೆಡಿಸದೇ ಇದ್ದವರಿಗೇ ಕಡಿಮೆ ಪಾಲು. ಮುಂದೆ ನಮ್ಮಲ್ಲಿ ಯಾರಾದರೂ ನೀರಿನ ಕೋಟಾ, ಗೊಬ್ಬರದ ಕೋಟಾ ಅಂತ ತಂದರೆ ಈ ಒಂದು ಕಡೆ ಕಣ್ಣಿಟ್ಟಿರಬೇಕು. ಹನಿ ನೀರಾವರಿಯಲ್ಲಿ ಉಳಿಸಿದವನ ಕೋಟಾ ಕಡಿಮೆಯಾಗಿ, ಕಾಲುವೆ ತುಂಬಾ ಹರಿಸಿದವನದ್ದು ಜಾಸ್ತಿಯಾಗಬಾರದಲ್ವಾ?

ಲೆಕ್ಕ ಹಾಕುವ ಸಾಫ್ಟ್‌ವೇರ್ ಮೇಲೂ ಜಗಳ. 2021ರಲ್ಲಿ ಅಲ್ಲಿನ ಸರ್ಕಾರವೇ ನೇಮಿಸಿದ ವಿಜ್ಞಾನಿಗಳು, ಅದು ಕೊಡುವ ಅಂಕಿಯನ್ನು ಹಾಗೇ ನಂಬೋಕಾಗಲ್ಲ ಅಂದರು.

ಇದರಲ್ಲಿ ನನ್ನನ್ನು ಕಾಡಿದ ಅಂಕಿ ಬೇರೆ. ನೀರನ್ನು 2001ರಲ್ಲಿ ಇದ್ದ ಸ್ಥಿತಿಗೆ ವಾಪಸ್ ತರೋಕೆ ಅವರು ಇಟ್ಟುಕೊಂಡಿರುವ ವರ್ಷ 2080. ಯಾಕೆ ಅಷ್ಟು ದೂರ ಅಂದರೆ, ನೆಲದೊಳಗೆ ಇಳಿದ ನೀರು ಸರೋವರ ಸೇರೋಕೆ ದಶಕಗಳೇ ಹಿಡಿಯುತ್ತವೆ. ಅಜ್ಜ ಕಟ್ಟಿದ ಹಸುವಿನ ಸಾರಜನಕ ಈಗ ಬಂದು ಸೇರ್ತಿದೆ. ಎಂಟು ವರ್ಷದ ನನ್ನ ಸಾವಯವಕ್ಕೆ ಬೋರ್‌ವೆಲ್ ಯಾಕೆ ತಲೆಬಾಗಲಿಲ್ಲ ಅಂತ ಇದನ್ನು ಓದಿದ ಮೇಲೆ ಸ್ವಲ್ಪ ಅರ್ಥ ಆಯ್ತು. ಸ್ವಲ್ಪ ಮಾತ್ರ, ಮಿಕ್ಕಿದ್ದು ಆಮೇಲೆ ಹೇಳ್ತೀನಿ.

ಹುಲ್ಲಿನ ಬುಡದಲ್ಲಿ ಮೀನಿನ ಮೊಟ್ಟೆ

ಮಲೆನಾಡಿನವರಿಗೆ ಹತ್ತುಮೀನು ಗೊತ್ತಲ್ಲ, ಮುಂಗಾರಿನ ಮೊದಲ ನೀರಿಗೆ ಹೊಳೆಯಿಂದ ಗದ್ದೆಗೆ ಏರಿ ಬರೋದು. ನ್ಯೂಜಿಲೆಂಡಿನಲ್ಲಿ 'ಈನಂಗಾ' ಅನ್ನೋ ಸಣ್ಣ ಮೀನಿದೆ. ಅದರ ಮರಿಗಳು ವಸಂತದಲ್ಲಿ ಸಮುದ್ರದಿಂದ ಹೊಳೆಗೆ ಹಿಂಡು ಹಿಂಡಾಗಿ ಬರುತ್ತವೆ. ಅವನ್ನು ಹಿಡಿದು ಮೊಟ್ಟೆ ಜೊತೆ ಕಲಸಿ ಹುರಿದು ತಿನ್ನೋದು ಅಲ್ಲಿನವರಿಗೆ ಹಬ್ಬ.

ಈ ಮೀನು ಮೊಟ್ಟೆ ಇಡೋದು ನೀರಲ್ಲಿ ಅಲ್ಲ, ದಡದ ಹುಲ್ಲಿನ ಬುಡದಲ್ಲಿ. ಅವರ ಶರತ್ಕಾಲದಲ್ಲಿ, ಅಂದರೆ ನಮ್ಮ ಮಾರ್ಚ್-ಏಪ್ರಿಲ್ ಹೊತ್ತಿಗೆ, ಹುಣ್ಣಿಮೆ-ಅಮಾವಾಸ್ಯೆ ಆಸುಪಾಸು ಭರತ ಜೋರಾಗಿ ಬಂದಾಗ ಹೊಳೆಯ ಮೂತಿಯ ಹತ್ತಿರ ದಡದ ಹುಲ್ಲು ಮುಳುಗುತ್ತೆ. ಆಗ ಮೀನು ಹುಲ್ಲಿನ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತೆ. ನೀರು ಇಳಿಯುತ್ತೆ. ಮೊಟ್ಟೆ ಒಣ ನೆಲದ ಮೇಲೆ, ಹುಲ್ಲಿನ ತೇವದಲ್ಲಿ ಸುಮಾರು ನಾಲ್ಕು ವಾರ ಕಾಯುತ್ತೆ. ಮುಂದಿನ ದೊಡ್ಡ ಭರತ ಬಂದು ಮುಟ್ಟಿದಾಗ ಒಡೆದು ಮರಿಗಳು ಸಮುದ್ರಕ್ಕೆ ಹೋಗುತ್ತವೆ.

ಆ ನಾಲ್ಕು ವಾರದಲ್ಲಿ ಒಂದೇ ಒಂದು ದಿನ ದನ ದಡಕ್ಕೆ ಇಳಿದರೆ ಸಾಕು. ಮೇಯ್ದರೆ ತೇವ ಹೋಯ್ತು, ತುಳಿದರೆ ಮೊಟ್ಟೆಯೇ ಹೋಯ್ತು. ರೈತನಿಗೆ ಏನೂ ಕಾಣಲ್ಲ. ಹುಲ್ಲಲ್ಲಿ ಮೀನಿನ ಮೊಟ್ಟೆ ಇರುತ್ತೆ ಅಂತ ಯಾರು ಹುಡುಕ್ತಾರೆ ಹೇಳಿ? ಉಪ್ಪುನೀರು ಹೊಳೆಯೊಳಗೆ ಎಲ್ಲಿವರೆಗೆ ಬರುತ್ತೆ ಅಂತ ಅಳೆದರೆ ಮೀನು ಎಲ್ಲಿ ಮೊಟ್ಟೆ ಇಡಬಹುದು ಅನ್ನೋದು ಸಿಗುತ್ತೆ. ಕೌನ್ಸಿಲ್‌ನವರು ಅಂಥ ಜಾಗ ಗುರುತಿಸಿ ರೈತರಿಗೆ ತೋರಿಸ್ತಾರೆ, ಅಷ್ಟು ಉದ್ದಕ್ಕೆ ಬೇಲಿ ಹಾಕೋಣ ಅಂತಾರೆ. ದಡ ಹಾಳಾದ ಕಡೆ ಒಣಹುಲ್ಲಿನ ಪೆಂಡಿಗಳನ್ನು ದಡದಲ್ಲಿ ಇಟ್ಟು ಮೀನಿಗೆ ತಾತ್ಕಾಲಿಕ ಜಾಗ ಮಾಡಿಕೊಟ್ಟದ್ದೂ ಇದೆ. ಮೀನು ಅದರಲ್ಲೂ ಮೊಟ್ಟೆ ಇಡುತ್ತೆ!

ಬೇಲಿಯ ವಿಚಾರದಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಟಾರನಾಕಿ ಪ್ರಾದೇಶಿಕ ಕೌನ್ಸಿಲ್. ಒಂದು ಜ್ವಾಲಾಮುಖಿ ಬೆಟ್ಟ, ಅದರಿಂದ ಛತ್ರಿ ಕಡ್ಡಿಯ ಹಾಗೆ ಇಳಿಯುವ ನೂರಾರು ತೊರೆಗಳು, ಕೆಳಗೆಲ್ಲ ಹೈನುಗಾರರು. 1993ರಿಂದ ಅವರು ತೊರೆಯ ದಡಕ್ಕೆ ಬೇಲಿ ಮತ್ತು ನಾಡಗಿಡ ಹಾಕಿಸೋ ಕೆಲಸ ಮಾಡ್ತಾ ಬಂದಿದ್ದಾರೆ. ಕೌನ್ಸಿಲ್‌ನವರು ಬಂದು ಪ್ರತಿ ಫಾರ್ಮಿಗೂ ಬಿಟ್ಟಿಯಾಗಿ ಯೋಜನೆ ಮಾಡಿಕೊಡ್ತಾರೆ, ಗಿಡ ಅಸಲು ಬೆಲೆಗೆ. ಬೇಲಿ ಖರ್ಚು ಮತ್ತು ನೆಡುವ ಬೆವರು ರೈತನದ್ದು. ಇದನ್ನು ಕಾಯ್ದೆ ಹಿಡಿದು ಶುರು ಮಾಡಲಿಲ್ಲ, ಮನೆಮನೆಗೆ ಹೋಗಿ ಶುರು ಮಾಡಿದರು. ದೇಶಕ್ಕೆಲ್ಲ ಅನ್ವಯವಾಗೋ ದನ-ತೊರೆ ನಿಯಮ ಬಂದದ್ದು 2020ರಲ್ಲಿ, ಅಷ್ಟೊತ್ತಿಗೆ ಇವರ ಬಹುಪಾಲು ಫಾರ್ಮುಗಳಲ್ಲಿ ಬೇಲಿ ಆಗಿಹೋಗಿತ್ತು.

ಗುಡ್ಡ ಜಾರುವ ಕಡೆ ಇನ್ನೊಂದು ಉಪಾಯ. 2004ರ ಫೆಬ್ರವರಿಯ ಮಳೆಗೆ ಮನವಾಟು-ವಾಂಗನುಯಿ ಭಾಗದಲ್ಲಿ ಗುಡ್ಡಗಳು ಕಿತ್ತು ಬಂದ ಮೇಲೆ ಅಲ್ಲಿನ ಹೊರೈಜನ್ಸ್ ಕೌನ್ಸಿಲ್ ಇಡೀ ಫಾರ್ಮಿನ ಮಣ್ಣಿನ ನಕ್ಷೆ ಮಾಡಿ, ಯಾವ ಇಳಿಜಾರಿಗೆ ಮರ, ಯಾವುದಕ್ಕೆ ಹುಲ್ಲು ಅಂತ ರೈತನ ಜೊತೆ ಕೂತು ತೀರ್ಮಾನ ಮಾಡೋ ಯೋಜನೆ ತಂದಿತು. ಪಾಪ್ಲರ್ ಮರದ ಮೂರು ಮೀಟರ್ ಗೂಟವನ್ನು ನೇರವಾಗಿ ನೆಲಕ್ಕೆ ಹೊಡೀತಾರೆ, ದನ ತಿಕ್ಕದಂತೆ ಪ್ಲಾಸ್ಟಿಕ್ ತೋಳು ಹಾಕ್ತಾರೆ, ಅದು ಬೇರು ಬಿಟ್ಟು ಮಣ್ಣು ಹಿಡಿಯುತ್ತೆ. ನಾವು ಬದುವಿನ ಮೇಲೆ ಗೊಬ್ಬರದ ಗಿಡದ ಗೂಟ ಊರೋದಿಲ್ವಾ, ಅದೇ ಜಾಯಮಾನ.

ಕಾಡುಪ್ರಾಣಿ ವಿಚಾರ ಮಾತ್ರ ಅವರದು ನಮ್ಮದಕ್ಕೆ ತಿರುಗುಮುರುಗು. ನಮ್ಮ ತೋಟಕ್ಕೆ ನುಗ್ಗುವ ಹಂದಿ, ನವಿಲು, ಮಂಗ ಎಲ್ಲ ಇಲ್ಲಿಯವೇ. ಅಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲಿನ ಸ್ವಂತ ಸಸ್ತನಿಯೇ ಇರಲಿಲ್ಲ. 1837ರಲ್ಲಿ ತುಪ್ಪಳದ ಆಸೆಗೆ ಆಸ್ಟ್ರೇಲಿಯಾದಿಂದ ಪಾಸಮ್ ತಂದು ಬಿಟ್ಟರು. ಅದು ಮರದ ಚಿಗುರು, ಹಕ್ಕಿ ಮೊಟ್ಟೆ ತಿನ್ನೋದಲ್ಲದೆ ದನಗಳಿಗೆ ಕ್ಷಯ ಹರಡಿತು. ಹಾಗಾಗಿ ಅಲ್ಲಿ ಹಕ್ಕಿ ಉಳಿಸೋ ಕೆಲಸವೂ ದನ ಉಳಿಸೋ ಕೆಲಸವೂ ಒಂದೇ ಆಯ್ತು. ಟಾರನಾಕಿಯಲ್ಲಿ ಮೊದಲ ಸುತ್ತಿನ ನಿಯಂತ್ರಣ ಕೌನ್ಸಿಲ್ ಮಾಡಿಕೊಡುತ್ತೆ, ಆಮೇಲೆ ರೈತರೇ ಮುಂದುವರಿಸ್ತಾರೆ. ಇದನ್ನು ನಾವು ಕಾಪಿ ಹೊಡೆಯೋ ಹಾಗಿಲ್ಲ, ಹೊಡೆದರೆ ಅರಣ್ಯ ಇಲಾಖೆಯವರು ಮನೆಗೆ ಬರ್ತಾರೆ.

ಎಡವಿದ್ದು ಎಲ್ಲಿ

ನನ್ನ ಕಣ್ಣು ಮೊದಲು ಬಿದ್ದ ಆ ಬಾವಿ ನೀರಿನ ಸುದ್ದಿ ದಕ್ಷಿಣ ದ್ವೀಪದ ಕ್ಯಾಂಟರ್‌ಬರಿಯದ್ದು. ಕಲ್ಲುಮಣ್ಣಿನ ಬಯಲು, ನೀರು ಸರಸರ ಇಳಿಯುತ್ತೆ. ಕಳೆದ ಮೂರು ದಶಕದಲ್ಲಿ ನೀರಾವರಿ ಬಂದು ಕುರಿ-ಧಾನ್ಯದ ಜಾಗದಲ್ಲಿ ಸಾಲುಸಾಲು ಡೈರಿ ಎದ್ದವು. ನೀರು ಹಂಚುವ ಯೋಜನೆ ತಡವಾಗ್ತಿದೆ ಅಂತ 2010ರಲ್ಲಿ ಕೇಂದ್ರ ಸರ್ಕಾರ ಚುನಾಯಿತ ಕೌನ್ಸಿಲರ್‌ಗಳನ್ನೇ ತೆಗೆದು ತನ್ನ ಕಮಿಷನರ್‌ಗಳನ್ನು ಕೂರಿಸಿತು. ಪೂರ್ತಿ ಚುನಾಯಿತ ಕೌನ್ಸಿಲ್ ಮರಳಿದ್ದು 2019ರಲ್ಲಿ. ಅಲ್ಲಿನ ಎಷ್ಟೋ ಖಾಸಗಿ ಬಾವಿಗಳ ನೀರು ಆ 11.3 ದಾಟಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ತಾನೇ 'ನೈಟ್ರೇಟ್ ತುರ್ತುಸ್ಥಿತಿ' ಘೋಷಿಸಿತು. ಟೌಪೋದಲ್ಲಿ ಮೊದಲು ಮಿತಿ ಕಟ್ಟಿದರು, ಇಲ್ಲಿ ಮೊದಲು ಹಸು ಕಟ್ಟಿದರು. ಒಂದೇ ದೇಶ, ಒಂದೇ ಕಾಯ್ದೆ.

ಅದಾಗಿ ಎರಡು ತಿಂಗಳಿಗೆ, ನವೆಂಬರ್‌ನಲ್ಲಿ, ಪ್ರಾದೇಶಿಕ ಕೌನ್ಸಿಲರ್‌ಗಳ ಹುದ್ದೆಯನ್ನೇ ತೆಗೆದು ಆ ಭಾಗದ ಮೇಯರ್‌ಗಳ ಮಂಡಳಿಗೆ ಕೆಲಸ ಕೊಡೋಣ ಅಂತ ಸರ್ಕಾರ ಪ್ರಸ್ತಾವ ಇಟ್ಟಿತು. ಖರ್ಚು ಕಡಿಮೆ, ಗೊಂದಲ ಕಡಿಮೆ ಅನ್ನೋದು ವಾದ. ಇರಬಹುದು. ಆದರೆ ತನ್ನ ಊರಿನ ರಸ್ತೆ, ಚರಂಡಿ ನೋಡಿ ಓಟು ಪಡೆದ ಮೇಯರ್, ಮೂವತ್ತು ಕಿಲೋಮೀಟರ್ ಕೆಳಗಿನವರ ಬಾವಿ ನೀರಿಗೆ ತನ್ನೂರ ರೈತನ ಜೊತೆ ಜಗಳ ಆಡ್ತಾನಾ? ನನಗೆ ನಂಬಿಕೆ ಇಲ್ಲ. ನಮ್ಮ ತಾಲ್ಲೂಕು ಪಂಚಾಯ್ತಿ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ನಮ್ಮ ಹಿತ್ತಲಿಗೆ ಬಂದರೆ

ನಮ್ಮಲ್ಲಿ ಇಂಥ ಕೌನ್ಸಿಲ್ ಇಲ್ಲ. ಜಲಾನಯನ ಇಲಾಖೆ ಒಂದು ಕಡೆ, ಸಣ್ಣ ನೀರಾವರಿ ಇನ್ನೊಂದು ಕಡೆ, ಅರಣ್ಯ ಮತ್ತೊಂದು ಕಡೆ. ಆದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮೀನು, ತಳಿಗಳ ದಾಖಲಾತಿ ಪುಸ್ತಕವೂ ಇರಬೇಕು. ಪಿಡಿಒ ಹತ್ತಿರ ಹೋಗಿ ಸಮಿತಿಯಲ್ಲಿ ಯಾರಿದ್ದಾರೆ, ಪುಸ್ತಕ ತೋರಿಸಿ ಅಂತ ಕೇಳಿ. ನಮ್ಮೂರಲ್ಲಿ ಕೇಳಿದಾಗ ಬೀರುವಿನ ಮೇಲಿಂದ ಧೂಳು ಕೊಡವಿ ಕೊಟ್ಟರು. ಅದರಲ್ಲಿ ನಮ್ಮ ಹಳ್ಳದ ಒಂದೇ ಒಂದು ಮೀನಿನ ಹೆಸರೂ ಇರಲಿಲ್ಲ. ನಮ್ಮ ತಾತ ಏಳು ಹೆಸರು ಹೇಳ್ತಾರೆ. ಈಗ ಬರೆದು ಕೊಟ್ಟಿದ್ದೀನಿ, ಮುಂದಿನ ಸಭೆಗೆ ಇಡ್ತೀವಿ ಅಂದಿದ್ದಾರೆ.

ನೀರಿನ ಟೆಸ್ಟ್ ಈ ವಾರವೇ ಮಾಡಿಸಿ. ಜಲಜೀವನ್ ಮಿಷನ್ ಅಡಿ ಪಂಚಾಯ್ತಿಗೆ ಕೊಟ್ಟಿರುವ ಕಿಟ್‌ನಲ್ಲಿ ಸಾಮಾನ್ಯವಾಗಿ ನೈಟ್ರೇಟ್ ಪರೀಕ್ಷೆಯೂ ಇರುತ್ತೆ, ನಿಖರ ಅಂಕಿ ಬೇಕಾದರೆ ಕುಡಿಯುವ ನೀರಿನ ಸರ್ಕಾರಿ ಲ್ಯಾಬಿಗೆ ಕೊಡಿ. ರಿಪೋರ್ಟ್ ಬಂದಾಗ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿ. 'ನೈಟ್ರೇಟ್ ಆಗಿ' ಅಂತಿದ್ದರೆ ಮಿತಿ 45, 'ಸಾರಜನಕವಾಗಿ' ಅಂತಿದ್ದರೆ ಮಿತಿ ಸುಮಾರು 10. ಮಿತಿ ದಾಟಿದ್ದರೆ ಕ್ಯಾಂಡಲ್ ಫಿಲ್ಟರ್, ಇದ್ದಿಲು ಫಿಲ್ಟರ್ ಕೆಲಸಕ್ಕೆ ಬರಲ್ಲ, ಆರ್‌ಒ ಬೇಕು.

ಹೊಲಕ್ಕೆ ನೀರು ಹಾಯಿಸುವಾಗಲೂ ಆ ಅಂಕಿ ಉಪಯೋಗಕ್ಕೆ ಬರುತ್ತೆ. ನನ್ನ ಬೋರ್‌ವೆಲ್ ನೀರಿನ ಪ್ರತಿ ಸಾವಿರ ಲೀಟರ್‌ನಲ್ಲಿ 14 ಗ್ರಾಂ ಸಾರಜನಕ ಇದೆ. ಎಕರೆ ಬಾಳೆಗೆ ಒಂದು ಬೆಳೆಯಲ್ಲಿ 40 ಲಕ್ಷ ಲೀಟರ್ ಹರಿಸಿದರೆ 56 ಕಿಲೋ ಸಾರಜನಕ ನೀರಲ್ಲೇ ಬಂದ ಹಾಗೆ. ಅಷ್ಟನ್ನು ಗೊಬ್ಬರದಲ್ಲಿ ಕಡಿಮೆ ಮಾಡಿದ್ದೀನಿ, ಬಾಳೆಗೇನೂ ಬೇಜಾರಾಗಿಲ್ಲ.

ಇನ್ನು ಆ ಮಿಕ್ಕಿದ ವಿಷಯ. ನಮ್ಮ ಆರು ಹಸುವಿನ ತಿಪ್ಪೆ ಇದ್ದದ್ದು ಬೋರ್‌ವೆಲ್‌ನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಮೇಲ್ಗಡೆ, ತಳಕ್ಕೆ ಬರೀ ಮಣ್ಣು. ಎಂಟು ವರ್ಷ ಗಂಜಲ, ಜೀವಾಮೃತದ ಡ್ರಮ್ ತೊಳೆದ ನೀರು ಎಲ್ಲಾ ಅಲ್ಲೇ. ಸಾವಯವದ ಸಾರಜನಕವೂ ಸಾರಜನಕವೇ, ಸರ್ಟಿಫಿಕೇಟ್ ನೋಡಿ ನೆಲ ಬಿಡೋದಿಲ್ಲ. ಯುಗಾದಿ ಆದ ಮೇಲೆ ತಿಪ್ಪೆಯನ್ನು ಇಳಿಜಾರಿನ ಆಚೆ ಬದಿಗೆ ಸಾಗಿಸಿ, ತಳಕ್ಕೆ ಕಲ್ಲುಚಪ್ಪಡಿ-ಸಿಮೆಂಟ್ ಹಾಕಿಸಿ, ಮೇಲೆ ತೆಂಗಿನಗರಿ ಚಪ್ಪರ ಮಾಡಿದೆ. ಗಂಜಲಕ್ಕೆ ಬೇರೆ ತೊಟ್ಟಿ. ಹನ್ನೊಂದು ಸಾವಿರ ಖರ್ಚಾಯ್ತು. ಹಳ್ಳದ ಪಕ್ಕ ಎರಡು ಸಾಲು ಲಾವಂಚ, ಅದರ ಹಿಂದೆ ಹೊಂಗೆ, ನೇರಳೆ, ಅತ್ತಿ ಇಟ್ಟಿದ್ದೀನಿ, ದನ ಅಲ್ಲಿಗೆ ಇಳಿಯದ ಹಾಗೆ ತಂತಿ ಎಳೆದಿದ್ದೀನಿ.

ಮಳೆಗಾಲ ಮುಗಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದೆ, 13.1 ಬಂತು, ಸಾರಜನಕ ಲೆಕ್ಕದಲ್ಲೇ. ತಂಗಿಯ ಮಗು ಈಗ ಬೋರಲು ಬೀಳುತ್ತೆ. ಕ್ಯಾನ್ ಹೊರೋದು ನಿಂತಿಲ್ಲ. ಮುಂದಿನ ಸ್ಯಾಂಪಲ್ ಮಾರ್ಚ್‌ನಲ್ಲಿ ಕೊಡ್ತೀನಿ.